ನಂದಿಯ ತಪ್ಪಲಿನ ಗರಸು ಹಾದಿಗಳು

ಹೊಸೂರು ಸೀಮೆಯವರಾದ ನಮಗೆ ದಕ್ಷಿಣ ಪಿನಾಕಿನಿಯು ಎರಡು ರೂಪಗಳಲ್ಲಿ ಪರಿಚಿತಳು. ಒಂದು, ಪಠ್ಯಪುಸ್ತಕದ ಪಿನಾಕಿನಿ. ನಂದಿಬೆಟ್ಟದಲ್ಲಿ ಜನಿಸಿ, ಹೊಸಕೋಟೆಯನ್ನು ಹಾದು, ಬಾಗಲೂರಿನ ಕಡೆಯ ಕೊಡಿಯಾಳಂ ಬಳಿ ತಮಿಳುನಾಡನ್ನು ಪ್ರವೇಶಿಸಿ, ಕೆಲವರಪಳ್ಳಿ, ಕೃಷ್ಣಗಿರಿ ಜಲಾಶಯಗಳಲ್ಲಿ ತಂಗಿ, ಕಡಲೂರಿನ ಸಮೀಪ ಬಂಗಾಳ ಕೊಲ್ಲಿಯನ್ನು ಸೇರುವ ನದಿ ಇದು. ಶಾಲೆಯಲ್ಲಿ ದಶಕಗಳ ಕಾಲ ನಾವು ಬೋಧಿಸಿದ್ದು ಈಕೆಯನ್ನು. ಇನ್ನೊಂದು, ಕಣ್ಣೆದುರಿನ ಪಿನಾಕಿನಿ. ಕೆಲವರಪಳ್ಳಿ ಅಣೆಕಟ್ಟಿನ ಬಾಗಿಲು ತೆರೆದ ದಿನಗಳಲ್ಲಿ ಆಳೆತ್ತರದ ಬಿಳಿ ನೊರೆಯನ್ನು ಹೊತ್ತು, ದಂಡೆಯ ಮೇಲೆ ನಿಂತವರು ಮೂಗು ಮುಚ್ಚಿಕೊಳ್ಳುವಂತೆ ಹರಿಯುವ ನದಿ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯ ನೀರು ಈ ನದಿಗೇ ಬಂದು ಸೇರುತ್ತದೆಂಬುದು ಈಗ ನಮ್ಮ ಮಕ್ಕಳಿಗೂ ತಿಳಿದಿದೆ.

ಈ ಎರಡು ಪಿನಾಕಿನಿಯರ ನಡುವೆ ಇರುವುದು ನೂರು ಕಿಲೋಮೀಟರು ತುಂಬದ ದೂರ. ಆ ದೂರವನ್ನು ಕಾರಿನಲ್ಲಿ ಅನೇಕ ಸಲ ದಾಟಿದ್ದೇವೆ. ಆದರೆ ಹೆದ್ದಾರಿಯಿಂದ ನದಿ ಕಾಣುವುದಿಲ್ಲ. ಸೇತುವೆ ಕಾಣುತ್ತದೆ, ಸೇತುವೆಯ ಮೇಲೊಂದು ಫಲಕ ಕಾಣುತ್ತದೆ, ಅಷ್ಟೆ. ಆದ್ದರಿಂದ ಕಳೆದ ಫೆಬ್ರವರಿಯಲ್ಲಿ ನಮ್ಮ ಸಂಘದ ಐವರು, ಅಂದರೆ ಇಬ್ಬರು ನಿವೃತ್ತ ಶಿಕ್ಷಕರು, ಬ್ಯಾಂಕಿನ ಸೇವೆಯಿಂದ ನಿವೃತ್ತರಾದ ಒಬ್ಬರು ಮತ್ತು ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ನಮ್ಮ ಇಬ್ಬರು ಹಳೆಯ ವಿದ್ಯಾರ್ಥಿಗಳು, ನಂದಿಯ ತಪ್ಪಲಿನ ಮಣ್ಣುಹಾದಿಗಳಲ್ಲಿ ಸೈಕಲ್ ತುಳಿದು ನದಿಯ ಮೊದಲ ಹೆಜ್ಜೆಗಳನ್ನು ನೋಡಿ ಬರುವುದೆಂದು ನಿಶ್ಚಯಿಸಿದೆವು. ಮನೆಗಳಲ್ಲಿ ಆಕ್ಷೇಪಣೆ ಬಂದದ್ದು ಸಹಜವೇ. ಎಪ್ಪತ್ತು ದಾಟಿದವರು ಸೈಕಲ್ ಏರಿ ಬೆಟ್ಟದ ಬುಡಕ್ಕೆ ಹೋಗುವುದನ್ನು ಯಾವ ಗೃಹಿಣಿ ಒಪ್ಪಿಯಾಳು? ಸಕ್ಕರೆ ಕಾಯಿಲೆಯ ಮಾತ್ರೆ, ಮಂಡಿಯ ಪಟ್ಟಿ, ತುರ್ತು ದೂರವಾಣಿ ಸಂಖ್ಯೆಗಳ ಚೀಟಿ, ಇವೆಲ್ಲವನ್ನೂ ಜೇಬಿಗೆ ತುರುಕಿಸಿಕೊಂಡ ಮೇಲೆಯೇ ಅನುಮತಿ ದೊರೆಯಿತು.

ವಿದ್ಯಾರ್ಥಿಗಳು ನಮಗಾಗಿ ಹೊಂದಿಸಿದ ಸೈಕಲ್ಲುಗಳ ಬಗ್ಗೆ ನಾಲ್ಕು ಮಾತು ಹೇಳಬೇಕು. ಇವನ್ನು ‘ಗ್ರಾವೆಲ್ ಬೈಕ್’ ಎನ್ನುತ್ತಾರೆ. ಗರಸು ಹಾದಿಗೆಂದೇ ಮಾಡಿದವು. ದೂರದಿಂದ ನೋಡಿದರೆ ಟಗರಿನ ಕೊಂಬಿನಂತೆ ಕೆಳಬಾಗಿದ ಹಿಡಿಯಿರುವ ರೇಸ್ ಸೈಕಲ್ಲಿನಂತೆಯೇ ತೋರುತ್ತವೆ. ಹತ್ತಿರ ಹೋದರೆ ವ್ಯತ್ಯಾಸ ತಿಳಿಯುತ್ತದೆ. ರೇಸ್ ಸೈಕಲ್ಲಿನ ಟೈರು ಹೆಬ್ಬೆರಳಿನಷ್ಟು ತೆಳ್ಳಗೆ, ಗಾಳಿ 80ರಿಂದ 100 ಪಿಎಸ್‌ಐ. ಇದರ ಟೈರು 40 ಮಿಲಿಮೀಟರು ಅಗಲ, ಗಾಳಿ 35–40 ಸಾಕು. ಗಾಳಿ ಕಡಿಮೆಯಿದ್ದಷ್ಟೂ ಟೈರು ಜಲ್ಲಿಕಲ್ಲಿನ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಸಾಗುತ್ತದೆ. ಒಳಗೆ ಟ್ಯೂಬಿಲ್ಲ, ಬದಲಿಗೆ ಹಾಲಿನಂಥ ಒಂದು ದ್ರವ. ಜಾಲಿಮುಳ್ಳು ಚುಚ್ಚಿದರೆ ಆ ದ್ರವವೇ ಉಕ್ಕಿ ಬಂದು ರಂಧ್ರವನ್ನು ಮುಚ್ಚುತ್ತದೆ. ನೆಗ್ಗಿಲು ಮುಳ್ಳಿನ ಹಾದಿಯಲ್ಲಿ ಡೈನಮೋ ಸೈಕಲ್ ತಳ್ಳಿಕೊಂಡು ಪಂಕ್ಚರ್ ಅಂಗಡಿಯನ್ನು ಅರಸಿದ ಪೀಳಿಗೆಯವರಾದ ನಮಗೆ ಇದು ಪವಾಡಕ್ಕೆ ಸಮಾನ. ಏರಿನಲ್ಲಿ ಬಳಸುವ ಗೇರು ಎಷ್ಟು ಹಗುರವೆಂದರೆ, ನಡೆಯುವವನ ವೇಗದಲ್ಲಿ ಸಾಗಿದರೂ ಸೈಕಲ್ಲಿನಿಂದ ಇಳಿಯಬೇಕಾಗುವುದಿಲ್ಲ. ಆದರೂ ಇಳಿದು ತಳ್ಳಿದೆವು, ಅನೇಕ ಕಡೆ. ಅದರಲ್ಲಿ ಸಂಕೋಚವೇನೂ ಇಲ್ಲ.

ಸೈಕಲ್ಲುಗಳನ್ನು ಪಿಕಪ್ ವ್ಯಾನಿಗೇರಿಸಿ ದೊಡ್ಡಬಳ್ಳಾಪುರ ತಲುಪಿ, ಬೆಳಗಿನ ಆರೂವರೆಗೆ ಹೊರಟೆವು. ಅಲ್ಲಿಂದ ದೇವನಹಳ್ಳಿಯ ಕಡೆಗೆ ಸ್ವಲ್ಪ ದೂರ ಸಾಗಿ ಡಾಂಬರನ್ನು ಬಿಟ್ಟರೆ ದ್ರಾಕ್ಷಿಯ ಸೀಮೆ. ಇಲ್ಲಿ ಎರಡು ಬಗೆಯ ದ್ರಾಕ್ಷಿತೋಟಗಳು ಅಕ್ಕಪಕ್ಕದಲ್ಲಿಯೇ ಇವೆ; ಎರಡರ ಸಂಸಾರವೂ ಬೇರೆ.

ಮೊದಲನೆಯದು ವೈನಿನ ದ್ರಾಕ್ಷಿ. 1988ರ ಸುಮಾರಿಗೆ ಕಂವಲ್ ಗ್ರೋವರ್ ಅವರು ಫ್ರಾನ್ಸಿನ ತಳಿಗಳನ್ನು ತಂದು ನಂದಿಯ ಈ ತಪ್ಪಲಿನಲ್ಲಿ ನೆಟ್ಟರು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರ, ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಕೆಂಪು ಗರಸು ಭೂಮಿ. ಬಳ್ಳಿಗೆ ಬೇಕಾದುದು ಇಷ್ಟೇ. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿಯನ್ನು ಹೊರಡಿಸಿದ ಮೇಲೆ ನಂದಿ ಕಣಿವೆಯೆಂಬ ಹೆಸರು ಬಾಟಲಿಗಳ ಮೇಲೂ ಬಂತು. ಈ ಬಳ್ಳಿಗಳಿಗೆ ಚಪ್ಪರವಿಲ್ಲ. ತಂತಿಯ ಬೇಲಿಗೆ ಆನಿಸಿ, ಪ್ರಾರ್ಥನೆಯ ವೇಳೆ ಸಾಲುಗಟ್ಟಿದ ಮಕ್ಕಳಂತೆ ನೇರವಾಗಿ ನಿಲ್ಲಿಸಿರುತ್ತಾರೆ. ಗೊಂಚಲು ಸಣ್ಣದು, ಹಣ್ಣು ಬಟಾಣಿಯಷ್ಟು, ತುಂಬ ಬೀಜ. ಕೆಲಸದ ಹೆಣ್ಣುಮಗಳೊಬ್ಬಳು ನಾಲ್ಕು ಹಣ್ಣು ಕೊಟ್ಟಳು; ತಿನ್ನಲು ಅಂಥ ಸುಖವೇನೂ ಇರಲಿಲ್ಲ. ವರ್ಷಕ್ಕೆ ಒಂದೇ ಕೊಯ್ಲು, ಫೆಬ್ರವರಿ–ಮಾರ್ಚಿನಲ್ಲಿ. ಪಾನಮಂದಿರದ ಬಾಗಿಲಿಗೆ ಹೋದೆವೇ ಎಂದು ಓದುಗರು ಕೇಳಬಹುದು. ನಮ್ಮಲ್ಲಿ ಮೂವರು ಹೋಗಲಿಲ್ಲ. ಉಳಿದಿಬ್ಬರ ವಿಷಯವನ್ನು, ಈ ಸಂಚಿಕೆ ಮನೆಮಂದಿಯೆಲ್ಲರ ಕೈಗೆ ಹೋಗುವುದರಿಂದ, ಇಲ್ಲಿಗೇ ಬಿಡೋಣ.

ಎರಡನೆಯದು ನಮಗೆಲ್ಲ ಬಾಲ್ಯದಿಂದ ಪರಿಚಿತವಾದ ಬೆಂಗಳೂರು ನೀಲಿ. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಕಲ್ಲುಕೂಚಗಳ ಮೇಲೆ ತಂತಿ ಹೆಣೆದು ಚಪ್ಪರ ಹಾಕಿ ಬಳ್ಳಿಯನ್ನು ತಲೆಯ ಮೇಲೆ ಹಬ್ಬಿಸುತ್ತಾರೆ. ವರ್ಷಕ್ಕೆ ಎರಡು ಬಾರಿ ಸವರಿ ಎರಡು ಬೆಳೆ ತೆಗೆಯುತ್ತಾರೆ. ಬಂಡಿಜಾಡಿನ ಎರಡೂ ಕಡೆ ಚಪ್ಪರಗಳಿರುವಲ್ಲಿ ಸೈಕಲ್ ಸಾಗಿದರೆ ಒಂದು ಬದಿಯ ತಂಪು ಮುಗಿಯುವ ಮೊದಲೇ ಇನ್ನೊಂದು ಬದಿಯ ತಂಪು ಮೈಗೆ ತಾಗುತ್ತದೆ. ಹಣ್ಣಿನ ಪರಿಮಳವಂತೂ ತೋಟ ಕಾಣುವುದಕ್ಕೆ ಮೊದಲೇ ಮೂಗಿಗೆ ಬರುತ್ತದೆ. ತೊಗಲು ದಪ್ಪ, ಹಿಂಡಿದರೆ ಒಳಗಿನ ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ. ನಮ್ಮ ಕಾಲದ ಮಕ್ಕಳು ಇದನ್ನೇ ದ್ರಾಕ್ಷಿಯೆಂದು ಬಲ್ಲವರು. ಬೀಜವಿಲ್ಲದ ಹಸಿರು ದ್ರಾಕ್ಷಿ ಆಮೇಲೆ ಬಂದ ನೆಂಟ.

ಘಾಟಿ ಸುಬ್ರಹ್ಮಣ್ಯದಲ್ಲಿ ದರ್ಶನ, ಉಪ್ಪಿಟ್ಟು, ಕಾಫಿ ಮುಗಿಸಿ ಮಾಕಳಿದುರ್ಗದ ಕಡೆಗೆ ತಿರುಗಿದೆವು. ಅಲ್ಲಿಂದ ಕಾಡಿನ ಅಂಚು ಆರಂಭ. ಕಾಡೆಂದರೆ ಮಲೆನಾಡಿನ ಕಾಡಲ್ಲ; ಜಾಲಿ, ಬಂದರೆ, ಹೊಂಗೆ, ಲಾಂಟಾನದ ಕುರುಚಲು, ನಡುನಡುವೆ ನೀಲಗಿರಿಯ ನೇರ ಸಾಲುಗಳು. ಅಂತರ್ಜಲವನ್ನು ಹೀರುತ್ತದೆಂದು 2017ರಲ್ಲಿ ಸರ್ಕಾರ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು; ಹಳೆಯವು ಇನ್ನೂ ನಿಂತಿವೆ. ಅದರ ಒಣ ಎಲೆಯ ಮೇಲೆ ಟೈರು ಸದ್ದಿಲ್ಲದೆ ಜಾರುವುದರಿಂದ ಎಚ್ಚರ ಬೇಕು. ಸಡಿಲ ಕಲ್ಲಿನ ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಇದ್ದಲ್ಲಿಯೇ ಸುತ್ತುತ್ತದೆ, ಕುಳಿತೇ ತುಳಿಯಬೇಕು. ಇಳುಕಲಿನಲ್ಲಿ ಭಾರವನ್ನು ಹಿಂದಕ್ಕೆ ಹಾಕಿ, ಎರಡೂ ಬ್ರೇಕುಗಳನ್ನು ಹದವಾಗಿ ಹಿಡಿದು, ಕಲ್ಲನ್ನು ನೋಡದೆ ಕಲ್ಲುಗಳ ನಡುವಿನ ಜಾಗವನ್ನು ನೋಡಬೇಕು. ಇದನ್ನು ಕಲಿಸಿದವನು ನಮ್ಮ ವಿದ್ಯಾರ್ಥಿ. ಒಮ್ಮೆ ಗದರಿಸಿಯೂ ಗದರಿಸಿದ, ಗುರುಗಳೆಂಬ ಗೌರವಕ್ಕೆ ಕುಂದು ಬಾರದಂತೆ: “ಸಾರ್, ಕಲ್ಲು ನೋಡ್ಬೇಡಿ ಅಂದ್ನಲ್ಲ ಸಾರ್!”

ಈ ಬೆಟ್ಟಸಾಲಿನ ವಿಶೇಷವೊಂದು ಸೈಕಲ್ಲಿನ ಮೇಲೆ ಕಾಲಿಗೇ ತಿಳಿಯುತ್ತದೆ. ಪಡುವಣ ಇಳಿಜಾರಿನ ಮಳೆ ಅರ್ಕಾವತಿಯಾಗಿ ಕಾವೇರಿಯನ್ನು ಸೇರುತ್ತದೆ. ಬಡಗಣದ್ದು ಉತ್ತರ ಪಿನಾಕಿನಿಯಾಗಿ ಗೌರಿಬಿದನೂರನ್ನು ದಾಟಿ ಹಿಂದೂಪುರದ ಕಡೆಗೆ, ಮುಂದೆ ನೆಲ್ಲೂರಿನವರೆಗೆ ಹೋಗುತ್ತದೆ; ಮಡಕಶಿರಾ ಸೀಮೆಯ ನಮ್ಮ ಬಾಂಧವರು ಆ ನದಿಯ ನೆರೆಯವರು. ಮೂಡಣ ಮಗ್ಗುಲಿನದು ನಮ್ಮದು. ದಿಣ್ಣೆಯೊಂದನ್ನು ಏದುಸಿರಿನಿಂದ ಹತ್ತಿ ನಿಂತಾಗ, ಇಲ್ಲಿಂದ ಮುಂದೆ ಬೀಳುವ ಹನಿ ಹೊಸೂರಿಗೆ ಬರಬೇಕಾದದ್ದು ಎಂದು ಬ್ಯಾಂಕಿನವರು ಲೆಕ್ಕ ಒಪ್ಪಿಸುವವರಂತೆ ಹೇಳಿದರು. ಮೊದಲ ದಿನ ಮಾಪಕ ತೋರಿಸಿದ್ದು 41 ಕಿ.ಮೀ.

ಆ ರಾತ್ರಿ ನಂದಿ ಗ್ರಾಮದಲ್ಲಿ ತಂಗಿದೆವು. ಬೆಟ್ಟದ ಮೇಲಿನ ಜನಜಂಗುಳಿಗೂ ಬುಡದ ಈ ಊರಿಗೂ ಸಂಬಂಧವೇ ಇಲ್ಲವೆನ್ನಬೇಕು. ಭೋಗನಂದೀಶ್ವರನ ಗುಡಿ ಒಂಬತ್ತನೆಯ ಶತಮಾನದಷ್ಟು ಹಳೆಯದು. ಅರುಣಾಚಲೇಶ್ವರ, ಉಮಾಮಹೇಶ್ವರರೂ ಅಲ್ಲಿಯೇ ಇದ್ದಾರೆ. ಗುಡಿಯ ಮಗ್ಗುಲಿನ ಮೆಟ್ಟಿಲುಗಳ ಕಲ್ಯಾಣಿಗೆ ಶೃಂಗಿತೀರ್ಥವೆಂದು ಹೆಸರು. ಪಿನಾಕಿನಿಯ ಮೂಲ ಅದೇ ಎಂಬುದು ಸ್ಥಳಪುರಾಣ. ಬೆಳಗ್ಗೆ ಅಲ್ಲಿ ನಿಂತು ಕೈಮುಗಿದೆವು. ನೀರು ನಿಶ್ಚಲವಾಗಿತ್ತು, ನೊರೆಯಿರಲಿಲ್ಲ.

ಎರಡನೆಯ ದಿನದ ಹಾದಿಯೇ ಈ ಬರಹಕ್ಕೆ ಕಾರಣ. ಬೆಟ್ಟದಿಂದ ಜಂಗಮಕೋಟೆಯ ಕಡೆಗೆ, ಅಲ್ಲಿಂದ ಹೊಸಕೋಟೆಗೆ, ಸಾಧ್ಯವಾದಷ್ಟೂ ಮಣ್ಣುಹಾದಿಯಲ್ಲಿಯೇ ನದಿಯ ಬೆನ್ನು ಹಿಡಿಯುವುದು ನಮ್ಮ ಯೋಜನೆ. ಈ ಭಾಗದಲ್ಲಿ ನದಿಯೆಂದರೆ ಕೆರೆಗಳ ಸರಪಳಿ. ಬೆಟ್ಟದ ನೀರು ಕಾಲುವೆಯಲ್ಲಿ ಮೊದಲ ಕೆರೆಗೆ ಬರುತ್ತದೆ. ಅದು ತುಂಬಿ ಕೋಡಿ ಹರಿದರೆ ಮುಂದಿನ ಕೆರೆಗೆ. ಹೀಗೆ ಕೆರೆಯಿಂದ ಕೆರೆಗೆ ಇಳಿಯುತ್ತ ಹೋಗಿ ಹೊಸಕೋಟೆಯ ದೊಡ್ಡಕೆರೆಯನ್ನು ಸೇರಬೇಕು. ಹಿಂದಿನವರು ಈ ಕಾಲುವೆಗಳ ದಂಡೆಯ ಮೇಲೆಯೇ ಬಂಡಿಯ ಹಾದಿಯನ್ನೂ ಬಿಟ್ಟಿದ್ದರು. ಕಾಲುವೆಯ ಹೂಳೆತ್ತಲು, ಮಣ್ಣು ಸಾಗಿಸಲು, ನೀರುಗಂಟಿ ಓಡಾಡಲು ಹಾದಿ ಬೇಕು. ಜನ ದಿನವೂ ನಡೆಯುತ್ತಿದ್ದರೆ ಕಾಲುವೆಯ ಮೇಲೂ ಕಣ್ಣಿರುತ್ತದೆ. ನಮ್ಮ ವಿದ್ಯಾರ್ಥಿಯ ಫೋನಿನಲ್ಲಿ ‘ದಿಶಾಂಕ್’ ಎಂಬ ಸರ್ಕಾರಿ ಆ್ಯಪ್ ಇತ್ತು. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಗ್ರಾಮದ ನಕಾಶೆಯನ್ನೂ ಜೊತೆಗಿಟ್ಟುಕೊಂಡಿದ್ದ. ನಕಾಶೆಯಲ್ಲಿ ಜೋಡಿ ಚುಕ್ಕಿಗೆರೆಗಳಿರುವುದು ಬಂಡಿದಾರಿ, ಒಂಟಿ ಚುಕ್ಕಿಗೆರೆ ಕಾಲುದಾರಿ. ‘ನಕಾಶೆ ಕಂಡ ದಾರಿ’ಯಲ್ಲಿ ಓಡಾಡುವ ಹಕ್ಕು ಎಲ್ಲರದು.

ಐದಾರು ಕಿಲೋಮೀಟರು ಹೋದ ಮೇಲೆ ಜೋಡಿ ಚುಕ್ಕಿಗೆರೆಗೆ ಅಡ್ಡವಾಗಿ ಕಬ್ಬಿಣದ ಗೇಟು ಬಂತು. ಎರಡಾಳು ಎತ್ತರ, ಬದಿಗೆ ಸಿಮೆಂಟಿನ ಗೋಡೆ, ಒಳಗೆ ಹುಲ್ಲುಹಾಸಿನ ತೋಟದ ಮನೆ. ಕಾವಲಿಗಿದ್ದ ಹುಡುಗ ಬಿಹಾರದವನು. ನಮ್ಮ ಶಾಲಾಹಿಂದಿಯಲ್ಲಿ ನಕಾಶೆಯನ್ನು ವಿವರಿಸಿದೆವು. ಪಾಪ, ಅವನು ಕೈಮುಗಿದ. ಅವನನ್ನು ಪೀಡಿಸಿ ಫಲವೇನು?

ಪಕ್ಕದ ಚಪ್ಪರದಲ್ಲಿ ದ್ರಾಕ್ಷಿ ಕೊಯ್ಯಿಸುತ್ತಿದ್ದ ರೈತರೊಬ್ಬರು ಇದನ್ನೆಲ್ಲ ನೋಡುತ್ತ ನಿಂತಿದ್ದವರು ಕರೆದರು.

“ಏನ್ ಸ್ವಾಮಿ, ಈ ವಯಸ್ಸಲ್ಲಿ ಸೈಕಲ್ ತುಳೀತಾ ಇದ್ದೀರಿ, ಮನೇಲಿ ಕಾರಿಲ್ವಾ?”

ಕಾರಿದೆ, ಕಾರಿನಿಂದ ನಿಮ್ಮ ಕಾಲುವೆ ಕಾಣುವುದಿಲ್ಲ ಎಂದೆವು. ಅವರು ನಕ್ಕು, ಕೊಯ್ದ ಗೊಂಚಲುಗಳನ್ನು ತಟ್ಟೆಯಲ್ಲಿಟ್ಟು ನಮ್ಮ ಮುಂದಿರಿಸಿದರು. ಮಾತು ಕನ್ನಡದಲ್ಲಿ ಆರಂಭವಾಗಿ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬಂತು. ಹೊಸೂರಿನವರಾದ ನಮಗೆ ಅದು ಮನೆಯ ಜಗುಲಿಯ ಮೇಲೆ ಕುಳಿತಂತೆಯೇ.

“ನಮ್ ತಾತನ ಕಾಲದಿಂದ ಗಾಡಿ ಹೋಗ್ತಿದ್ದ ದಾರಿ ಸಾರ್ ಅದು. ದಾರಿ ಪಕ್ಕಕ್ಕೇ ಕಾಲುವೆ. ಮಳೆ ಬಂದ್ರೆ ಬೆಟ್ಟದ ನೀರು ಇದರಲ್ಲೇ ಕೆರೆಗೆ ಹೋಗ್ಬೇಕು. ಗೇಟ್ ಹಾಕಿದ್ಮೇಲೆ ನಾವು ಸುತ್ತಿಕೊಂಡು ಟಾರ್ ರೋಡಲ್ಲಿ ಹೋಗಕ್ಕೆ ಶುರು ಮಾಡಿದ್ವಿ. ಒಳಗಡೆ ಕಾಲುವೆ ಏನಾಯ್ತು ಅಂತ ಯಾರು ನೋಡ್ತಾರೆ? ಎರಡು ವರ್ಷ ಆದ್ಮೇಲೆ ಕೆರೆಗೆ ನೀರು ಬರ್ಲಿಲ್ಲ, ಆಗ ಗೊತ್ತಾಯ್ತು, ಮುಚ್ಚಿ ಹುಲ್ಲು ಹಾಕವ್ರೆ ಅಂತ.”

ಅವರ ಕೊಳವೆಬಾವಿಯ ಆಳ ಸಾವಿರದ ಇನ್ನೂರು ಅಡಿ. ಹಿಂದಿನ ಎರಡು ಬತ್ತಿದ ಮೇಲೆ ಕೊರೆಸಿದ್ದು. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ಕೊಳವೆಗಳಲ್ಲಿ ಚಿಕ್ಕಬಳ್ಳಾಪುರ ಭಾಗದ ಕೆರೆಗಳಿಗೆ ಏರಿಸುತ್ತಿದ್ದಾರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯದು 2018ರಿಂದ ಕೋಲಾರಕ್ಕೆ ಹೋಗುತ್ತಿದೆ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಅಲ್ಲಿನ ಜನ ಕೇಳುತ್ತಲೇ ಇದ್ದಾರೆ. ಬತ್ತಿದ ಕೆರೆಯ ರೈತನಿಗೆ ಯಾವ ನೀರಾದರೂ ನೀರೇ; ಅದನ್ನು ಬಯಸಿದ್ದಕ್ಕಾಗಿ ಅವನನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಆದರೆ ನಾಲ್ಕು ನದಿಗಳ ತವರೆಂದು ಹೇಳಿಸಿಕೊಳ್ಳುವ ಬೆಟ್ಟದ ಬುಡಕ್ಕೆ ನಗರದ ಬಳಸಿದ ನೀರು ಪಂಪಿನಿಂದ ಏರಿ ಬರುತ್ತಿರುವಾಗ, ಬೆಟ್ಟದ್ದೇ ಆದ ಮಳೆನೀರು ಗೇಟಿನ ಒಳಗೆ ಸಿಕ್ಕಿಬಿದ್ದಿರುವುದು ವಿಚಿತ್ರವಾಗಿ ತೋರಿತು. ಮೇಲಿನ ಕೆರೆಗಳು ಕೋಡಿ ಬೀಳದಿದ್ದರೆ ಹೊಸಕೋಟೆಯಿಂದ ಕೆಳಕ್ಕೆ ನದಿಯಲ್ಲಿ ಉಳಿಯುವುದು ನಗರದ ಚರಂಡಿಯ ನೀರೊಂದೇ. ಕೆಲವರಪಳ್ಳಿಯಲ್ಲಿ ನಾವು ಕಾಣುವ ನೊರೆಯನ್ನು ತೆಳುವಾಗಿಸಬೇಕಾದ ತಿಳಿನೀರು ಇಲ್ಲಿಯೇ, ಐವತ್ತು ಅರವತ್ತು ಗೇಟುಗಳಾಚೆ, ದಾರಿ ತಪ್ಪುತ್ತಿದೆ. ಗೇಟುಗಳ ಸಂಖ್ಯೆ ನಮ್ಮ ಊಹೆ. ನಾವು ಆ ದಿನ ಎದುರಿಸಿದ್ದು ಮೂರು.

ರೈತರೊಡನೆ ಮಾತನಾಡುತ್ತಿದ್ದಾಗ ನಮ್ಮ ವಿದ್ಯಾರ್ಥಿ ಇಟಲಿಯ ಸಂಗತಿಯೊಂದನ್ನು ಹೇಳಿದ. ಟಸ್ಕನಿಯಲ್ಲಿ ಕಿಯಾಂಟಿ ಎಂಬ ಪ್ರಸಿದ್ಧ ದ್ರಾಕ್ಷಿಸೀಮೆ ಇದೆ. ಓಕ್ ಕಾಡಿನ ಗುಡ್ಡಗಳು, ತೋಟಗಳ ನಡುವೆ ಬಿಳಿ ಗರಸಿನ ಹಳೆಯ ಹಾದಿಗಳು. ಅವೆಲ್ಲ ಒಂದೊಂದಾಗಿ ಡಾಂಬರಿಗೆ ಬಲಿಯಾಗುತ್ತಿದ್ದಾಗ, 1997ರಲ್ಲಿ ಜಾಂಕಾರ್ಲೊ ಬ್ರೋಚ್ಚಿ ಎಂಬುವರು ನೂರಕ್ಕೂ ಕಡಿಮೆ ಜನರನ್ನು ಕೂಡಿಸಿ, ಹಳೆಯ ಸೈಕಲ್ಲುಗಳಲ್ಲಿ ಆ ಹಾದಿಗಳ ಮೇಲೊಂದು ಸವಾರಿ ಏರ್ಪಡಿಸಿದರು. ‘ಲೆರೊಯಿಕಾ’ ಎಂದು ಅದರ ಹೆಸರು. ಇಂದು ಸಾವಿರಾರು ಜನ ಬರುತ್ತಾರೆ. ಅದಕ್ಕೆ 1987ಕ್ಕಿಂತ ಹಿಂದಿನ ರೇಸ್ ಸೈಕಲ್ ಬೇಕಂತೆ. ನಮ್ಮ ಮನೆಯ ಅಟ್ಟದ ಮೇಲಿರುವುದು ವಯಸ್ಸಿನಲ್ಲಿ ಅರ್ಹ, ರೇಸಿನದಲ್ಲವೆಂಬುದೊಂದೇ ಅಡ್ಡಿ. ರೈತರಿಗೆ ಈ ಕಥೆ ಬಹಳ ಹಿಡಿಸಿತು. “ಹಂಗಾರೆ ನೀವೇ ವರ್ಷಾ ವರ್ಷಾ ಬನ್ನಿ ಸಾರ್. ಓಡಾಡೋರು ಇದ್ರೆ ಗೇಟ್ ಹಾಕೋರಿಗೂ ಯೋಚ್ನೆ ಬರುತ್ತೆ” ಎಂದರು. ಅವರ ಊರಿನ ಹದಿನಾಲ್ಕು ಜನ ತಹಶೀಲ್ದಾರರಿಗೆ ಮನವಿ ಬರೆಯುವುದೆಂದಾಯಿತು. ಬರವಣಿಗೆಯನ್ನು ನಾವೇ ಅಲ್ಲಿ, ಚಪ್ಪರದ ಕೆಳಗೆ, ಹಣ್ಣಿನ ಕ್ರೇಟಿನ ಮೇಲೆ ಕಾಗದವಿಟ್ಟು ಮಾಡಿಕೊಟ್ಟೆವು. ಮುಖ್ಯೋಪಾಧ್ಯಾಯರಿಗೆ ಮನವಿಪತ್ರ ಬರೆಯಲು ಬಾರದಿದ್ದರೆ ಇನ್ನಾರಿಗೆ ಬರಬೇಕು?

ಅಲ್ಲಿಂದ ಮುಂದೆ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ತೋರಿಸಿದ ಒಂಟಿ ಚುಕ್ಕಿಗೆರೆಯ ಕಾಲುದಾರಿಯಲ್ಲಿ ಸುತ್ತಿಬಳಸಿ ಸಾಗಿದೆವು. ಹಿಪ್ಪುನೇರಳೆಯ ತೋಟಗಳು, ಕೆರೆಯ ಏರಿಗಳು, ಕಲ್ಲುಗಣಿಯ ಟಿಪ್ಪರುಗಳು ಹಾದಿಯನ್ನು ರಾಗಿಹಿಟ್ಟಿನಂತೆ ನುಣ್ಣಗೆ ಬೀಸಿಟ್ಟ ಎರಡು ಕಿಲೋಮೀಟರು; ಅಲ್ಲಿ ಮಾತ್ರ ಈ ಸೈಕಲ್ಲಿನ ಯಾವ ಹೆಚ್ಚುಗಾರಿಕೆಯೂ ನಡೆಯಲಿಲ್ಲ. ಹೊಸಕೋಟೆಯ ಕೆರೆಯ ಏರಿಯನ್ನು ತಲುಪಿದಾಗ ಸಂಜೆ ಐದು.

ಹೋಗಬಯಸುವವರಿಗೆ ಒಂದೆರಡು ಸೂಚನೆ. ಮಳೆ ಬಿದ್ದ ಮರುದಿನ ಹೊರಡಬಾರದು. ಕೆಂಪುಮಣ್ಣು ಚಕ್ರಕ್ಕೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನೇ ಹೊರಬೇಕಾಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಎರಡು ಲೀಟರ್ ನೀರು, ಗ್ರಾಮದ ನಕಾಶೆಯ ಪ್ರತಿ, ಪುಟ್ಟ ಪಂಪು ಜೊತೆಗಿರಲಿ. ದ್ರಾಕ್ಷಿಯನ್ನು ಕೇಳದೆ ಕೀಳಬಾರದು. ಕೇಳಿದರೆ ಬೇಡವೆನ್ನುವವರನ್ನು ನಾವು ಕಾಣಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಆ ರೈತರು ಫೋನ್ ಮಾಡಿದ್ದರು. ಸರ್ವೆಯರು ಬಂದು ಸರಪಳಿ ಹಿಡಿದು ಅಳತೆ ಮಾಡಿ, ಗೋಡೆಯ ಒಂದು ಬದಿಗೆ ಕಲ್ಲು ನೆಟ್ಟು ಹೋದರಂತೆ. ಇನ್ನೊಂದು ಬದಿಯ ಅಳತೆ ಬಾಕಿಯಿದೆ. ಗೇಟು ಇನ್ನೂ ಅಲ್ಲಿಯೇ ಇದೆ. ಅದರ ಬೀಗದ ಒಂದು ಕೈ ಮಾತ್ರ ಈಗ ಊರಿನ ನೀರುಗಂಟಿಯ ಸೊಂಟದಲ್ಲಿದೆಯಂತೆ. ಮುಂಗಾರಿಗೆ ಮೊದಲು ಒಳಗೆ ಹೋಗಿ ಕಾಲುವೆ ಬಿಡಿಸಬೇಕು, ಗುದ್ದಲಿ ಹಿಡಿಯುವವರು ಹೊಸೂರಿನ ಕಡೆಯಿಂದಲೂ ನಾಲ್ಕು ಜನ ಬರುವುದಾದರೆ ಊಟದ ವ್ಯವಸ್ಥೆ ನಮ್ಮದು ಎಂದು ಹೇಳಿದ್ದಾರೆ.